ಹಣ್ಣುನೊಣದ ಬಲೆ: ಎರಡು ಮಳೆಗಾಲ, ಒಂದು ಬೇಸಿಗೆ ಬಳಸಿದ ಮೇಲೆ

ನಮ್ಮ ಮನೆ ಇರುವುದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಮುರಕಲ್ಲಿನ ಗುಡ್ಡೆಯ ಬುಡದಲ್ಲಿ. ಹಿತ್ತಿಲು ಹೆಚ್ಚೆಂದರೆ ಹನ್ನೆರಡು ಸೆಂಟ್ಸ್. ಮಳೆಗಾಲದಲ್ಲಿ ಅಲ್ಲಿ ಹಾಗಲ, ಪಡುವಲ, ಹೀರೆ, ಮುಳ್ಳುಸೌತೆಗಳ ಚಪ್ಪರ, ಪಕ್ಕದಲ್ಲಿ ಬೆಂಡೆ ಮತ್ತು ಅಲಸಂಡೆಯ ಸಾಲು, ಬೇಲಿಯ ಅಂಚಿಗೆ ಎರಡು ಪೇರಳೆ, ಒಂದು ಕಸಿಮಾವು. ಐದು ಮಂದಿಯ ಮನೆಗೆ ಜುಲೈಯಿಂದ ಅಕ್ಟೋಬರ್‌ವರೆಗೆ ಪೇಟೆಯ ತರಕಾರಿ ಬೇಡವೆನ್ನುವಷ್ಟು ಬೆಳೆ ಬರಬೇಕಾದ ಜಾಗವಿದು. ಆದರೆ ನಾಲ್ಕೈದು ವರ್ಷಗಳಿಂದ ಹಾಗಲ ಮತ್ತು ಪಡುವಲಗಳಲ್ಲಿ ಅರ್ಧಕ್ಕರ್ಧ ಎಳೆಯದರಲ್ಲೇ ಸೊಟ್ಟಗಾಗಿ, ಹಳದಿ ತಿರುಗಿ, ಒಳಗೆ ಹಣ್ಣುನೊಣದ ಹುಳ ತುಂಬಿ ಉದುರುತ್ತಿದ್ದವು. ಈ ಕಾಟಕ್ಕೆಂದು ಕೊಂಡ ಮೋಹಕ ಬಲೆಯನ್ನು (ನಮ್ಮ ಕಡೆ ಮಲಯಾಳದ ಬಳಕೆಯಂತೆ ಇದಕ್ಕೆ ‘ಕೆಣಿ’ ಎಂದೇ ಹೆಸರು) 2024ರ ಮಳೆಗಾಲದಿಂದ 2025ರ ಮಳೆಗಾಲದವರೆಗೆ ಬಳಸಿದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ವಸ್ತು ನೋಡಲು ಸಾಧಾರಣ. ಹಳದಿ ಮುಚ್ಚಳದ ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಮೇಲ್ಭಾಗದಲ್ಲಿ ಸುತ್ತಲೂ ನಾಲ್ಕು ತೂತು, ಮುಚ್ಚಳದಿಂದ ತಂತಿಯಲ್ಲಿ ಇಳಿಬಿಟ್ಟ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಪ್ಲೈವುಡ್ ತುಂಡು. ಆಕರ್ಷಕ ದ್ರವವನ್ನು ಹೀರಿಕೊಂಡಿರುವುದು ಆ ತುಂಡು. ಉಳಿದದ್ದೆಲ್ಲ ಬರಿಯ ಡಬ್ಬಿ. ನಾನು ಡಬ್ಬಿ ಮತ್ತು ತುಂಡಿಗೆ ಒಟ್ಟು 140 ರೂಪಾಯಿ ಕೊಟ್ಟೆ. ಅನಂತರ ತುಂಡನ್ನು ಮಾತ್ರ 60 ರೂಪಾಯಿಗೆ ತಂದೆ. ಹದಿನೈದು ಸೆಂಟ್ಸ್ ಜಾಗಕ್ಕೆ ಒಂದು ಬಲೆ ಸಾಕು, ತುಂಡು ಮೂರು ತಿಂಗಳು ಬಾಳುತ್ತದೆ ಎಂದು ಜೊತೆಗಿದ್ದ ಚೀಟಿ ಹೇಳುತ್ತಿತ್ತು. ಚೀಟಿ ಮಲಯಾಳ ಮತ್ತು ಇಂಗ್ಲಿಷಿನಲ್ಲಿತ್ತು. ಹಿತ್ತಿಲಿನ ನಿಜವಾದ ಯಜಮಾನಿ ನನ್ನ ಅಮ್ಮ. ಅವರು ಓದಿದ್ದು ಕನ್ನಡ ಶಾಲೆಯಲ್ಲಿ, ಮಲಯಾಳ ಮಾತನಾಡುತ್ತಾರೆ, ಓದುವುದಿಲ್ಲ. ಈ ಸಣ್ಣ ಸಂಗತಿಯನ್ನು ಬೇಕೆಂದೇ ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ನಮ್ಮ ಮೊದಲ ವರ್ಷ ಹಾಳಾದುದಕ್ಕೆ ಅರ್ಧ ಕಾರಣ ಅಲ್ಲಿದೆ.

2024ರ ಜೂನ್ ಕೊನೆಗೆ, ಹಾಗಲ ಹೂ ಬಿಡುತ್ತಿದ್ದಂತೆ, ಪೇಟೆಯ ಒಂದು ಗೊಬ್ಬರದ ಅಂಗಡಿಗೆ ಹೋಗಿ ಹಣ್ಣುನೊಣದ ಬಲೆ ಕೇಳಿದೆ. ಯಾವ ಬೆಳೆಗೆ ಎಂದು ಅಂಗಡಿಯವರು ಕೇಳಲಿಲ್ಲ, ಹೇಳಬೇಕೆಂದು ನನಗೂ ತಿಳಿದಿರಲಿಲ್ಲ. ತಂದು ಚಪ್ಪರದ ಕೆಳಗೆ ಕಟ್ಟಿದ ಎರಡು ಗಂಟೆಗಳೊಳಗೆ ನೊಣಗಳು ಬರತೊಡಗಿದವು. ಮೂರನೆಯ ದಿನ ಡಬ್ಬಿಯ ತಳ ಕಾಣದಷ್ಟು ತುಂಬಿತ್ತು. ಮನೆಗೆ ಬಂದವರಿಗೆಲ್ಲ ಅಮ್ಮ ಅದನ್ನು ತೋರಿಸಿದರು. ನೆರೆಮನೆಯ ಮಾವ ನೋಡಿ ಹೋದವರು ಮರುದಿನವೇ ಅದೇ ಅಂಗಡಿಯಿಂದ ತಾವೂ ಒಂದನ್ನು ತಂದರು. ಆದರೆ ಜುಲೈ ಕೊನೆಗೆ ಕೊಯ್ಲು ಶುರುವಾದಾಗ ಹಾಗಲಕಾಯಿಯ ಸ್ಥಿತಿ ಹಿಂದಿನ ವರ್ಷದಂತೆಯೇ ಇತ್ತು. ಡಬ್ಬಿ ತುಂಬುತ್ತಲೇ ಇತ್ತು, ಕಾಯಿ ಕೊಳೆಯುತ್ತಲೇ ಇತ್ತು.

ಉತ್ತರ ಸಿಕ್ಕಿದ್ದು ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಸ್ವಲ್ಪ ಬಿಟ್ಟ ಒಂದು ಮಧ್ಯಾಹ್ನ. ಡಬ್ಬಿಯ ಸತ್ತ ನೊಣಗಳನ್ನು ಹಳೆಯ ಪತ್ರಿಕೆಯ ಮೇಲೆ ಸುರಿದು, ಹಾಗಲ ಎಲೆಯ ಅಡಿಯಲ್ಲಿ ಕುಳಿತಿದ್ದ ಒಂದು ನೊಣವನ್ನು ಹಿಡಿದು ಪಕ್ಕದಲ್ಲಿಟ್ಟು, ಓದುವ ಭೂತಕನ್ನಡಿಯಲ್ಲಿ ನೋಡಿದೆ. ಎರಡೂ ಬೇರೆ ಬೇರೆ. ಡಬ್ಬಿಯಲ್ಲಿದ್ದುದರ ರೆಕ್ಕೆ ಬಹುತೇಕ ತಿಳಿಯಾಗಿ, ಅಂಚಿಗೆ ಮಾತ್ರ ಒಂದು ಸಪುರ ಕಪ್ಪುಗೆರೆಯಿತ್ತು. ಕಪ್ಪಾದ ಬೆನ್ನಿನ ಮೇಲೆ ಎರಡು ಹಳದಿ ಪಟ್ಟಿಗಳಿದ್ದವು. ಹಾಗಲದ ಮೇಲಿದ್ದುದು ಕೆಂಗಂದು ಬಣ್ಣದ್ದು, ಬೆನ್ನಿನ ಮೇಲೆ ಮೂರು ಹಳದಿ ಪಟ್ಟಿ, ರೆಕ್ಕೆಯ ಅಂಚಿನ ಗೆರೆ ದಪ್ಪಗಾಗಿ ತುದಿಯಲ್ಲಿ ಒಂದು ಮಚ್ಚೆಯಾಗಿ ಹರಡಿತ್ತು. ಮೊದಲನೆಯದು ಮಾವು ಮತ್ತು ಪೇರಳೆಯ ಹಣ್ಣುನೊಣ, ಎರಡನೆಯದು ಬಳ್ಳಿ ತರಕಾರಿಯ ಹಣ್ಣುನೊಣ. ನಮ್ಮ ಬಲೆ ಒಂದೂವರೆ ತಿಂಗಳು ಬೇಲಿಯಂಚಿನ ಪೇರಳೆಮರವನ್ನು ಕಾಯುತ್ತಿತ್ತು!

ಕೊಳ್ಳುವವರು ಮುಖ್ಯವಾಗಿ ತಿಳಿದಿರಬೇಕಾದದ್ದು ಇದು. ಮಾವು, ಪೇರಳೆಗಳ ನೊಣಕ್ಕೆ ಬೇಕಾದ ಆಕರ್ಷಕ ಮೀಥೈಲ್ ಯುಜಿನಾಲ್. ಹಾಗಲ, ಪಡುವಲ, ಹೀರೆ, ಸೌತೆ, ಕುಂಬಳಗಳ ನೊಣಕ್ಕೆ ಬೇಕಾದದ್ದು ಕ್ಯೂಲ್ಯೂರ್. ಡಬ್ಬಿ ಒಂದೇ, ತುಂಡಿನ ಗಾತ್ರ ಒಂದೇ, ಕೆಲವು ಕಡೆ ಪೊಟ್ಟಣದ ಮೇಲಿನ ಚಿತ್ರವೂ ಒಂದೇ. ನನಗೆ ಸಿಕ್ಕ ಪೊಟ್ಟಣದ ಹಿಂಬದಿಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ‘ಎಂಇ’ (ಅಂದರೆ ಮೀಥೈಲ್ ಯುಜಿನಾಲ್) ಎಂದಷ್ಟೇ ಇತ್ತು. ಮುಂಬದಿಯಲ್ಲಿ ಹಾಗಲಕಾಯಿ, ಮಾವಿನಹಣ್ಣು, ಕಲ್ಲಂಗಡಿ ಮೂರನ್ನೂ ಅಚ್ಚು ಹಾಕಿದ್ದರು. ಅಂಗಡಿಗೆ ಮರಳಿ ಹೋಗಿ ಹೇಳಿದಾಗ ‘ನೊಣ ಬಿದ್ದಿದೆಯಲ್ಲಾ’ ಎಂಬ ಉತ್ತರ ಬಂತು. ಅವರ ತಪ್ಪು ಅಷ್ಟೇ ಎಂದು ಬಿಡಬಹುದಿತ್ತು. ಆದರೆ ಹಣ ಕೊಟ್ಟು ಒಂದು ಋತುವನ್ನು ಕಳೆದುಕೊಂಡವರಿಗೆ ಆ ಉತ್ತರ ಹಿತವಾಗುವುದಿಲ್ಲ.

ಹಳೆಯ ಒಂದು ಗೊಂದಲವೂ ಇದರಿಂದ ಬಿಡಿಸಿಕೊಂಡಿತು. ನಮ್ಮಲ್ಲಿ ಕೃಷಿಭವನದವರು ಹೇಳಿಕೊಟ್ಟ ತುಳಸಿ ಕೆಣಿಯೊಂದಿದೆ: ಗೆರಟೆಯಲ್ಲಿ ಜಜ್ಜಿದ ತುಳಸಿ ಎಲೆ, ಒಂದಿಷ್ಟು ಬೆಲ್ಲ, ನೀರು. ತುಳಸಿಯಲ್ಲಿ ಮೀಥೈಲ್ ಯುಜಿನಾಲ್ ಸಹಜವಾಗಿ ಇರುವುದರಿಂದ ಅದಕ್ಕೆ ಬೀಳುವುದು ಮಾವಿನ ನೊಣ. ವರ್ಷಗಟ್ಟಲೆ ಹಾಗಲದ ಚಪ್ಪರಕ್ಕೆ ಗೆರಟೆ ಕಟ್ಟಿದ ಅಮ್ಮನ ಶ್ರಮ ಏಕೆ ಫಲಿಸಲಿಲ್ಲ ಎಂಬುದು ಆಗ ಅರ್ಥವಾಯಿತು. ಈ ಆಕರ್ಷಣೆಯ ಪತ್ತೆಯಾದದ್ದು ನಮ್ಮ ದೇಶದಲ್ಲೇ. ಬಿಹಾರದ ಪೂಸಾ ಸಂಶೋಧನಾಲಯದಲ್ಲಿದ್ದ ಕೀಟತಜ್ಞ ಹೌಲೆಟ್, ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣುನೊಣದ ಗಂಡುಗಳು ಮುತ್ತುವುದನ್ನು 1912ರಲ್ಲಿ ದಾಖಲಿಸಿ, 1915ರಲ್ಲಿ ಅದರ ಹಿಂದಿರುವ ವಸ್ತು ಮೀಥೈಲ್ ಯುಜಿನಾಲ್ ಎಂದು ತೋರಿಸಿದರು. ಕ್ಯೂಲ್ಯೂರ್ ಬಂದದ್ದು ಅದಕ್ಕಿಂತ ಬಹಳ ತಡವಾಗಿ, ಪ್ರಯೋಗಾಲಯದಿಂದ.

ಮಳೆ ಮುಗಿದ ಮೇಲೆ ಹುಡುಕಿ ಕ್ಯೂಲ್ಯೂರ್ ತುಂಡು ತಂದೆ. ಡಿಸೆಂಬರ್‌ನಲ್ಲಿ ಬಿತ್ತಿದ ಬೇಸಿಗೆಯ ಹಾಗಲಕ್ಕೆ ಅದನ್ನು ಕಟ್ಟಿದಾಗ ಮೊದಲು ನಿರಾಸೆಯೇ ಆಯಿತು: ವಾರಕ್ಕೆ ಬಿದ್ದದ್ದು ಇಪ್ಪತ್ತು, ಮೂವತ್ತು ನೊಣ. ಆದರೆ ಕಾಯಿ ಕೆಡುವುದು ಕಣ್ಣಿಗೆ ಕಾಣುವಷ್ಟು ಇಳಿಯಿತು. ಕ್ಯೂಲ್ಯೂರಿನ ಸೆಳೆತ ಮೀಥೈಲ್ ಯುಜಿನಾಲಿನಷ್ಟು ಬಲವಾದುದಲ್ಲವೆಂಬುದು ತಜ್ಞರಿಗೆ ಹಳೆಯ ಸಂಗತಿ. ಪೆಸಿಫಿಕ್ ಸಾಗರದ ರೋಟಾ ದ್ವೀಪದಲ್ಲಿ 1960ರ ದಶಕದಲ್ಲಿ ಮೀಥೈಲ್ ಯುಜಿನಾಲ್ ಮತ್ತು ಕೀಟನಾಶಕದ ತುಂಡುಗಳಿಂದಲೇ ಹಣ್ಣುನೊಣವನ್ನು ಇಲ್ಲವಾಗಿಸಿದರು. ಆದರೆ ಜಪಾನಿನ ಓಕಿನಾವಾದಲ್ಲಿ ಬಳ್ಳಿ ತರಕಾರಿಯ ನೊಣವನ್ನು 1993ರ ಹೊತ್ತಿಗೆ ತೊಲಗಿಸಲು ಕ್ಯೂಲ್ಯೂರ್ ಒಂದೇ ಸಾಲದೆ, ಬಂಜೆ ಮಾಡಿದ ನೊಣಗಳನ್ನು ಲೆಕ್ಕವಿಲ್ಲದಷ್ಟು ಬಿಡಬೇಕಾಯಿತು. ಹಾಗಾಗಿ ಡಬ್ಬಿಯಲ್ಲಿ ಬಿದ್ದ ನೊಣದ ರಾಶಿಯನ್ನು ನೋಡಿ ಬಲೆಯ ಗುಣ ಅಳೆಯಬಾರದು.

ಇನ್ನೊಂದು ಮಿತಿಯೂ ಇದೆ. ತೆಂಗಿನ ತೋಟವಿರುವ ನಮ್ಮ ಓದುಗರಿಗೆ ಕುರುವಾಯಿ ಮತ್ತು ಕೆಂಪು ಮೂತಿಹುಳಕ್ಕೆ ಕಟ್ಟುವ ಬಕೆಟ್ ಬಲೆ ಪರಿಚಯವಿರುತ್ತದೆ. ಅದರ ವಾಸನೆಗೆ ಗಂಡು, ಹೆಣ್ಣು ಎರಡೂ ಬರುತ್ತವೆ. ಹಣ್ಣುನೊಣದ ಈ ಬಲೆಗೆ ಬರುವುದು ಗಂಡು ಮಾತ್ರ. ಕಾಯಿಗೆ ಚುಚ್ಚಿ ಸಿಪ್ಪೆಯ ಅಡಿಯಲ್ಲಿ ಮೊಟ್ಟೆಯಿಡುವ ಹೆಣ್ಣು ಇದರತ್ತ ತಿರುಗಿಯೂ ನೋಡುವುದಿಲ್ಲ. ಗಂಡುಗಳು ಕೂಡುವ ಮೊದಲೇ ಬಲೆಗೆ ಬಿದ್ದರೆ ಮಾತ್ರ ಮುಂದಿನ ಪೀಳಿಗೆ ಕಡಿಮೆಯಾದೀತು. ಆದ್ದರಿಂದ ಕಾಯಿ ಕೊಳೆಯತೊಡಗಿದ ಮೇಲೆ ಬಲೆ ಕಟ್ಟುವುದು ಹಟ್ಟಿಯಿಂದ ದನ ಹೋದ ಮೇಲೆ ಬಾಗಿಲು ಹಾಕಿದಂತೆ. ಬಳ್ಳಿ ಚಪ್ಪರಕ್ಕೆ ಹತ್ತುವಾಗಲೇ, ಮೊದಲ ಹೂವಿಗೂ ಮುಂಚೆ, ಬಲೆ ಅಲ್ಲಿ ತೂಗುತ್ತಿರಬೇಕು. ಪಕ್ಕದ ಹಿತ್ತಿಲಿನಿಂದ ಬರುವ, ಈಗಾಗಲೇ ಕೂಡಿರುವ ಹೆಣ್ಣನ್ನು ಯಾವ ಬಲೆಯೂ ತಡೆಯಲಾರದು. ನೆರೆಮನೆಯ ಮಾವನಿಗೂ ಸರಿಯಾದ ತುಂಡನ್ನು ತಂದುಕೊಟ್ಟದ್ದು ಶುದ್ಧ ಪರೋಪಕಾರವಲ್ಲ.

ಬಲೆಗಿಂತ ಹೆಚ್ಚು ಪ್ರಯೋಜನವಾದ ಕೆಲಸ ಬೇರೆಯದು ಎಂಬುದನ್ನೂ ಹೇಳಬೇಕು. ಹುಳ ಬಿದ್ದ ಹಾಗಲಕಾಯಿಗಳನ್ನು ಅಮ್ಮ ಬಾಳೆಯ ಬುಡಕ್ಕೆ ಎಸೆಯುತ್ತಿದ್ದರು, ಗೊಬ್ಬರವಾಗಲಿ ಎಂದು. ಒಂದು ದಿನ ಅಂತಹ ಕಾಯಿಯನ್ನು ಬಿಳಿ ತಟ್ಟೆಯಲ್ಲಿ ಸೀಳಿದೆ. ಒಳಗೆ ಅಕ್ಕಿಕಾಳಿನಂತಹ ಮೂವತ್ತಕ್ಕೂ ಹೆಚ್ಚು ಹುಳಗಳಿದ್ದವು. ಬೆಳೆದವು ಬಿಲ್ಲಿನಂತೆ ಬಾಗಿ, ತಟ್ಟನೆ ಚಿಮ್ಮಿ ತಟ್ಟೆಯ ಹೊರಗೆ ಬಿದ್ದು ಮಣ್ಣಿನ ಕಡೆಗೆ ಹೊರಟವು. ಅವು ಮಣ್ಣಿನಲ್ಲಿ ಕೆಲವೇ ಅಂಗುಲ ಆಳಕ್ಕೆ ಇಳಿದು ಕೋಶವಾಗುತ್ತವೆ, ನಮ್ಮ ಸೆಕೆಯ ಹವೆಯಲ್ಲಿ ಮೊಟ್ಟೆಯಿಂದ ನೊಣವಾಗಿ ಮೇಲೆದ್ದು ಬರಲು ಎರಡು ಮೂರು ವಾರ ಸಾಕು. ಅಂದರೆ ನೊಣವನ್ನು ಸಾಕುತ್ತಿದ್ದವರು ನಾವೇ. ಈಗ ಉದುರಿದ ಕಾಯಿಗಳನ್ನು ದಿನವೂ ಹೆಕ್ಕಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಬಿಗಿದು ಬಿಸಿಲಿಗೆ ಒಂದು ವಾರ ಇಡುತ್ತೇವೆ. ಬಿಸಿಲಿಲ್ಲದ ಆಟಿಯಲ್ಲಿ ಬಕೆಟಿನ ನೀರಿನಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರುತ್ತೇವೆ. ಬುಡದ ಮಣ್ಣನ್ನು ಆಗಾಗ ಕೆದಕುವ ಕೆಲಸವನ್ನು ಮನೆಯ ಕೋಳಿಗಳು ಕೂಲಿಯಿಲ್ಲದೆ ಮಾಡುತ್ತವೆ, ಬೆಂಡೆಯ ಸಸಿಗಳನ್ನೂ ಅದೇ ಉತ್ಸಾಹದಲ್ಲಿ ಕಿತ್ತುಹಾಕುತ್ತವೆ ಎಂಬುದು ಬೇರೆ ಮಾತು.

ಇನ್ನು ಡಬ್ಬಿಯ ಗುಣಮಟ್ಟ. ತೂಗುಹಾಕುವ ತಂತಿ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಮುರಿಯಿತು. ಪ್ಲಾಸ್ಟಿಕ್ ಹಗ್ಗ ಕಟ್ಟಿಕೊಂಡೆ. ತೂತುಗಳ ಮೇಲೆ ಸೂರಿಲ್ಲದ ಕಾರಣ ಅಡ್ಡಮಳೆಗೆ ನೀರು ಒಳಬಂದು ಸತ್ತ ನೊಣಗಳೆಲ್ಲ ಕೊಳೆತು ನಾರಿದವು. ಅಡಿಕೆ ಹಾಳೆಯ ಒಂದು ತುಂಡನ್ನು ಟೊಪ್ಪಿಯಂತೆ ಮುಚ್ಚಳದ ಮೇಲೆ ಕವುಚಿ ಕಟ್ಟಿದ ಮೇಲೆ ಆ ತೊಂದರೆ ತಪ್ಪಿತು. ಇರುವೆಗಳು ಹಗ್ಗದಲ್ಲಿ ಇಳಿದು ನೊಣಗಳನ್ನು ಹೊತ್ತೊಯ್ಯುವುದನ್ನು ತಡೆಯಲು ಹಗ್ಗಕ್ಕೆ ಗ್ರೀಸ್ ಹಚ್ಚಬೇಕಾಯಿತು. ಮೂರು ತಿಂಗಳು ಬಾಳುತ್ತದೆಂಬ ಮಾತು ಬೇಸಿಗೆಗೆ ಸರಿ. ನಮ್ಮ ಜೂನ್, ಜುಲೈ ಮಳೆಯಲ್ಲಿ ಎರಡು ತಿಂಗಳಿಗೇ ನೊಣ ಬೀಳುವುದು ನಿಂತಿತು.

ತುಂಡಿನಲ್ಲಿ ವಿಷವಿದೆಯೇ ಎಂಬ ಪ್ರಶ್ನೆಯನ್ನು ನಮ್ಮ ಜಿಲ್ಲೆಯಲ್ಲಿ ಯಾರೂ ಹಗುರವಾಗಿ ಕೇಳುವುದಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಎಣ್ಮಕಜೆಯಂತಹ ಊರುಗಳಲ್ಲಿ ಮಾಡಿದ್ದನ್ನು ಕಂಡವರು ನಾವು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆದ ಮೇಲೂ ಆ ನೋವು ಮುಗಿದಿಲ್ಲ. ಸಾಮಾನ್ಯವಾಗಿ ಈ ತುಂಡುಗಳನ್ನು ಆಲ್ಕೋಹಾಲ್, ಆಕರ್ಷಕ ಮತ್ತು ಮೆಲಾಥಿಯಾನ್‌ನಂತಹ ಕೀಟನಾಶಕದ 6:4:1 ಅನುಪಾತದ ಮಿಶ್ರಣದಲ್ಲಿ ನೆನೆಸಿ ತಯಾರಿಸುತ್ತಾರೆ. ವಿಷ ಡಬ್ಬಿಯೊಳಗೇ ಉಳಿಯುತ್ತದೆ, ಕಾಯಿಗೆ ತಾಗುವುದಿಲ್ಲ. ಎಲೆಗೆ ಔಷಧಿ ಹೊಡೆಯುವುದಕ್ಕಿಂತ ಎಷ್ಟೋ ಮೇಲು. ಆದರೆ ಅದನ್ನು ಪೊಟ್ಟಣದ ಮೇಲೆ ಬರೆಯಬೇಡವೇ? ನಾನು ಕೊಂಡ ಮೂರು ಪೊಟ್ಟಣಗಳಲ್ಲಿ ಎರಡರ ಮೇಲೆ ಒಳಗೇನಿದೆ ಎಂಬ ಮಾತೇ ಇರಲಿಲ್ಲ, ‘ಸಾವಯವ’ ಎಂಬ ಹಸಿರು ಮುದ್ರೆ ಮಾತ್ರ ಇತ್ತು. ತುಂಡನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳಿಗೆ ಎಟುಕದಂತೆ ಕಟ್ಟಿ. ಹಳೆಯ ತುಂಡನ್ನು ಬಚ್ಚಲೊಲೆಗೆ ಹಾಕಬೇಡಿ.

2025ರ ಮಳೆಗಾಲದಲ್ಲಿ ಸರಿಯಾದ ತುಂಡು, ಹೆಕ್ಕುವ ಶಿಸ್ತು, ಜೊತೆಗೆ ಅಮ್ಮನ ಹಳೆಯ ಪದ್ಧತಿಯಂತೆ ಹೂ ಉದುರಿದ ಎರಡು ಮೂರು ದಿನಗಳೊಳಗೆ ಮಿಡಿಗಳಿಗೆ ಕಾಗದದ ಚೀಲ ತೊಡಿಸಿದ್ದರಿಂದ, ‘ಪ್ರೀತಿ’ ತಳಿಯ ಬಿಳಿ ಹಾಗಲದಲ್ಲಿ ಹತ್ತಕ್ಕೆ ಎಂಟು ಕಾಯಿ ಅಡುಗೆಗೆ ಸಿಕ್ಕಿತು. ಕಲ್ಲು ಕಟ್ಟಿ ನೇರ ಮಾಡಿದ ಉದ್ದ ಪಡುವಲಕ್ಕೆ ಚೀಲ ತೊಡಿಸುವುದು ಆಗದ ಮಾತು. ಅಲ್ಲಿ ಪೂರ್ತಿ ಭಾರ ಬಲೆಯ ಮೇಲೆ ಬಿತ್ತು, ಹತ್ತಕ್ಕೆ ಆರು ಉಳಿಯಿತು. ಐದು ಅಂಕಕ್ಕೆ ಆಕರ್ಷಕಕ್ಕೆ ನಾಲ್ಕು, ಡಬ್ಬಿಗೆ ಎರಡು, ಪೊಟ್ಟಣದ ಬರಹಕ್ಕೆ ಸೊನ್ನೆ ಕೊಡುತ್ತೇನೆ. ಡಬ್ಬಿಗೆ ದುಡ್ಡು ಕೊಡುವ ಅಗತ್ಯವೂ ಇಲ್ಲ: ಒಂದು ಲೀಟರಿನ ನೀರಿನ ಬಾಟಲಿಯ ಮೇಲ್ಭಾಗದಲ್ಲಿ ನಾಲ್ಕು ತೂತು ಕೊರೆದು ತುಂಡನ್ನು ಮಾತ್ರ ತಂದು ನೇತುಹಾಕಿದರೆ ಕೆಲಸ ಅಷ್ಟೇ ಚೆನ್ನಾಗಿ ಆಗುತ್ತದೆ. ಹಾಗಲ, ಪಡುವಲ ಬೆಳೆಯದೆ ಬೆಂಡೆ, ಅಲಸಂಡೆ, ಹರಿವೆ ಮಾತ್ರ ಬೆಳೆಯುವವರಿಗೆ ಇದು ಬೇಡವೇ ಬೇಡ.

ಈ ವರ್ಷಕ್ಕೆಂದು ಎರಡೂ ಬಗೆಯ ತುಂಡುಗಳನ್ನು ತಂದಿಟ್ಟಿದ್ದೇನೆ, ಒಂದು ಕಸಿಮಾವಿಗೆ, ಒಂದು ಚಪ್ಪರಕ್ಕೆ. ಪೊಟ್ಟಣ ಬಿಚ್ಚುವ ಮೊದಲೇ ಅಮ್ಮ ಮೊಮ್ಮಗಳ ಸ್ಕೆಚ್ ಪೆನ್ ತೆಗೆದುಕೊಂಡು ಎರಡರ ಮೇಲೂ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದಿದ್ದಾರೆ: ‘ಮಾವಿನದ್ದು’, ‘ಹಾಗಲದ್ದು’.