60 ರೂಪಾಯಿ ಸ್ಟಾಂಪಿಗೆ 61 ರೂಪಾಯಿ ಅಂಚೆ ಖರ್ಚು: ಸಣ್ಣ ಮಾಲು ಮಾರುವವನ ವಿಮರ್ಶೆ

ನಾನು ಧಾರವಾಡದಿಂದ ಹಳೇ ಪುಸ್ತಕ, ಹಳೇ ಅಂಚೆ ಚೀಟಿ, ಬೆಂಕಿಪೊಟ್ಟಣದ ಲೇಬಲ್, ಚಿತ್ರದ ಪೋಸ್ಟ್‌ಕಾರ್ಡ್ ಇಂಥವನ್ನು ಆನ್‌ಲೈನಿನಲ್ಲಿ ಮಾರುತ್ತೇನೆ. ದೊಡ್ಡ ವ್ಯಾಪಾರ ಅಲ್ಲ. ಒಂದು ಸ್ಟಾಂಪಿಗೆ 40, 60 ರೂಪಾಯಿ. ಪುಸ್ತಕವಾದರೆ 100, 150. ಇಷ್ಟು ಕಡಿಮೆ ಬೆಲೆಯ ಮಾಲಿನಲ್ಲಿ ಲಾಭ ನಷ್ಟ ನಿಂತಿರುವುದು ಮಾಲಿನ ಮೇಲಲ್ಲ, ಅದನ್ನು ಕಳಿಸುವ ಖರ್ಚಿನ ಮೇಲೆ. ಹಾಗಾಗಿ ಇದು ಭಾರತೀಯ ಅಂಚೆಯ ವಿಮರ್ಶೆ. ವರ್ಷಗಟ್ಟಲೆ ಅದೇ ಕೌಂಟರಿನ ಮುಂದೆ ನಿಂತವನ ಮಾತು ಅಂತ ಓದಿಕೊಳ್ಳಿ.

ಮೊದಲು ಒಂದು ಸ್ಟಾಂಪಿನ ಲೆಕ್ಕ ನೋಡೋಣ. ಸ್ಟಾಂಪನ್ನು ಪಾರದರ್ಶಕ ಕವರಿಗೆ ಹಾಕಿ, ತೆಳು ರಟ್ಟಿನ ಮಧ್ಯೆ ಇಟ್ಟು, ಲಕೋಟೆ ಅಂಟಿಸಿದರೆ 20 ಗ್ರಾಂ ಒಳಗೇ ಇರುತ್ತದೆ. ಮಾಮೂಲಿ ಟಪಾಲಿನಲ್ಲಿ ಇದಕ್ಕೆ 5 ರೂಪಾಯಿ. ಮುಂದಿನ ಪ್ರತಿ 20 ಗ್ರಾಂಗೂ ಇನ್ನೊಂದು 5. ಇಷ್ಟು ಸೋವಿಯ ಸೇವೆ ಬೇರೆಲ್ಲೂ ಸಿಗುವುದಿಲ್ಲ. ಆದರೆ ಇದಕ್ಕೆ ಟ್ರ್ಯಾಕಿಂಗ್ ಇಲ್ಲ. ಮಾರುಕಟ್ಟೆ ಆ್ಯಪ್‌ಗಳಿಗೆ ಟ್ರ್ಯಾಕಿಂಗ್ ನಂಬರ್ ಇಲ್ಲದೆ ಆಗುವುದಿಲ್ಲ. ಗಿರಾಕಿ ‘ಬಂದಿಲ್ಲ’ ಅಂದರೆ ಮುಗೀತು, ದುಡ್ಡು ವಾಪಸ್. ನಿಮ್ಮ ಹತ್ತಿರ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ.

ಈ ಸಂದಿಯನ್ನು ತುಂಬುತ್ತಿದ್ದದ್ದು ರಿಜಿಸ್ಟರ್ಡ್ ಪೋಸ್ಟ್. ತೆರಿಗೆ ಸೇರಿ 25.96 ರೂಪಾಯಿಯಿಂದ ಶುರು. ರಸೀದಿ, ನಂಬರ್, ಸಹಿ ಎಲ್ಲ ಸಿಗುತ್ತಿತ್ತು. ನಿಧಾನ ಹೌದು, ಆದರೆ ಹಳೇ ಸ್ಟಾಂಪಿಗೆ ಯಾರಿಗೆ ಅವಸರ? 60 ರೂಪಾಯಿ ಮಾಲಿಗೆ 26 ರೂಪಾಯಿ ಕೊಡಲು ಸಂಗ್ರಾಹಕರು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಎರಡು ಮೂರು ಸ್ಟಾಂಪು ಒಟ್ಟಿಗೆ ಕೊಂಡರೆ ಇನ್ನೂ ಹಗುರ.

2025ರ ಸೆಪ್ಟೆಂಬರ್ 1ರಿಂದ ಅದನ್ನು ಸ್ಪೀಡ್ ಪೋಸ್ಟಿನಲ್ಲಿ ವಿಲೀನ ಮಾಡಿದರು. ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್ ದರವೂ ಬದಲಾಯಿತು. ಈಗ 50 ಗ್ರಾಂವರೆಗೆ ಸ್ಥಳೀಯವಾಗಿ 19 ರೂಪಾಯಿ, ಹೊರಗೆ ಎಲ್ಲಿಗಾದರೂ 47. ಇದರ ಮೇಲೆ 18% ಜಿಎಸ್‌ಟಿ. ಅಂದರೆ ಧಾರವಾಡದಿಂದ ಬೆಂಗಳೂರಿಗೆ ಒಂದು ಲಕೋಟೆಗೆ 55.46. ವಿಳಾಸದಾರರ ಕೈಗೇ ಕೊಡಬೇಕು ಅಂದರೆ ರಿಜಿಸ್ಟ್ರೇಷನ್ನಿಗೆ ಇನ್ನು 5 ರೂಪಾಯಿ, ಅದಕ್ಕೂ ತೆರಿಗೆ. ಒಟ್ಟು 61.36. ಮಾಲು 60, ಅಂಚೆ 61. ಗಿರಾಕಿಗೆ ಇದನ್ನು ಹೇಗೆ ಹೇಳೋದು, ಹೇಳಿ?

ಸ್ಪೀಡ್ ಪೋಸ್ಟ್ ಸೇವೆ ಬಗ್ಗೆ ನನ್ನ ತಕರಾರಿಲ್ಲ. EK ಅಂತ ಶುರುವಾಗುವ ಕರ್ನಾಟಕದ ನಂಬರನ್ನು ಗಿರಾಕಿಗೆ ಕಳಿಸಿಬಿಟ್ಟರೆ ಅವರೇ ನೋಡಿಕೊಳ್ಳುತ್ತಾರೆ. ಓಟಿಪಿ ಹೇಳಿದರೆ ಮಾತ್ರ ಬಟವಾಡೆ ಅನ್ನುವ ಸೌಲಭ್ಯವೂ ಬಂದಿದೆ, ಅದಕ್ಕೂ 5 ರೂಪಾಯಿ ಮತ್ತು ತೆರಿಗೆ. ಕೌಂಟರಿನಲ್ಲಿ ಯುಪಿಐ ಬಂದ ಮೇಲೆ ಚಿಲ್ಲರೆ ಹುಡುಕುವ ತಾಪತ್ರಯವೂ ತಪ್ಪಿತು. ನನ್ನ ದೂರು ಇಷ್ಟೇ: ಅವಸರವಿಲ್ಲದ ಮಾಲಿಗೂ ಅವಸರದ ದುಡ್ಡು ಯಾಕೆ ಕೊಡಬೇಕು? ವಾರ ತಡವಾದರೂ ಚಿಂತೆಯಿಲ್ಲ, ನಂಬರ್ ಒಂದು ಕೊಡಿ ಸಾಕು ಅನ್ನುವವರಿಗೆ ಈಗ ದಾರಿಯಿಲ್ಲ.

ಪರಿಹಾರದ ನಿಯಮವೂ ಸ್ವಲ್ಪ ತಮಾಷೆಯಾಗಿದೆ. ಸ್ಪೀಡ್ ಪೋಸ್ಟ್ ಕಳೆದುಹೋದರೆ ಕಟ್ಟಿದ ಶುಲ್ಕದ ಎರಡು ಪಟ್ಟು ಅಥವಾ 1000 ರೂಪಾಯಿ, ಯಾವುದು ಕಡಿಮೆಯೋ ಅದು. ನನ್ನ 60 ರೂಪಾಯಿ ಸ್ಟಾಂಪು ಕಳೆದರೆ ಸ್ಟಾಂಪಿನ ಬೆಲೆಗಿಂತ ಜಾಸ್ತಿಯೇ ಬರುತ್ತದೆ! ಅದೇ 800 ರೂಪಾಯಿಯ ಅಪರೂಪದ ಲಕೋಟೆ ಆದರೆ ಸುಮಾರು 100 ರೂಪಾಯಿ ಇಟ್ಟುಕೊಂಡು ಸುಮ್ಮನಿರಬೇಕು. ಬೆಲೆಬಾಳುವುದಕ್ಕೆ ವಿಮೆ ಮಾಡಿಸಿ. ಸಣ್ಣದಕ್ಕೆ ಮಾಡಿಸಬೇಡಿ, ಸುಮ್ನೆ ದುಡ್ಡು ದಂಡ.

ಪುಸ್ತಕದ ಕಥೆ ಬೇರೆ. 2024ರ ಕೊನೆಗೆ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತಿತು. ‘ಬಂದ್ ಆಗೇತ್ರೀ ಸರ, ಸಿಸ್ಟಮ್‌ನ್ಯಾಗ ಬರವಲ್ದು’ ಅಂದರು ಕೌಂಟರಿನಲ್ಲಿ. ಪುಸ್ತಕ ಮಾರುವವರೆಲ್ಲ ತಲೆ ಮೇಲೆ ಕೈ ಇಟ್ಟುಕೊಂಡ ಕಾಲ ಅದು. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅದನ್ನು ಸ್ಪೀಡ್ ಪೋಸ್ಟ್ ಮಾಡಿದರೆ ಮಾತ್ರ 18%. ಆಮೇಲೆ 2025ರ ಮೇ 1ರಂದು ಜ್ಞಾನ ಪೋಸ್ಟ್ ಬಂತು. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100, ತೆರಿಗೆ ಬೇರೆ. ಟ್ರ್ಯಾಕಿಂಗೂ ಇದೆ. ನೆಲದ ಮೇಲೆ ಹೋಗುತ್ತದೆ, ವಿಮಾನ ಹತ್ತುವುದಿಲ್ಲ, ಹಾಗಾಗಿ ತಡ. ಗಿರಾಕಿಗೆ ಮೊದಲೇ ಹೇಳಿಬಿಟ್ಟರೆ ಯಾರೂ ಜಗಳಕ್ಕೆ ಬರುವುದಿಲ್ಲ.

ಷರತ್ತುಗಳನ್ನು ಮಾತ್ರ ಓದಿಕೊಂಡು ಹೋಗಿ. ಕವರಿನ ಮೇಲೆ ‘ಜ್ಞಾನ ಪೋಸ್ಟ್’ ಅಂತ ಬರೆಯಬೇಕು. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು. ಮೊದಲ ಪುಟಗಳು ಹರಿದುಹೋದ ಹಳೇ ಪ್ರತಿಗಳಿಗೆ ಇದು ತೊಡಕೇ. ನಿಯತಕಾಲಿಕೆಗಳಿಗೆ ಅವಕಾಶವಿಲ್ಲ. ಹಳೇ ವಾರಪತ್ರಿಕೆಯ ವಿಶೇಷಾಂಕ ಮಾರುವವರಿಗೆ ಇದರಿಂದ ಉಪಯೋಗವಿಲ್ಲ, ನನಗೂ ಇದು ಹೊಟ್ಟೆಯುರಿ. ವ್ಯಾಪಾರಿ ಜಾಹೀರಾತಿನ ಪ್ರಕಟಣೆಗೂ ಇಲ್ಲ. ಜೊತೆಗೆ ಒಂದು ಕೀಚೈನ್ ಇಡೋಣ, ಎರಡು ಸ್ಟಾಂಪು ಸೇರಿಸೋಣ ಅಂತೆಲ್ಲ ಹೋಗಬೇಡಿ. ಇದು ಪುಸ್ತಕಕ್ಕೆ ಮಾತ್ರ. ಇಲಾಖೆಯ ಅಂಚೆ ಕಚೇರಿಗಳಲ್ಲಿ ಈ ಸೇವೆ ಸಿಗುತ್ತದೆ. ಹಳ್ಳಿಯ ಶಾಖಾ ಕಚೇರಿ ಹತ್ತಿರ ಇರುವವರು ಮೊದಲು ಕೇಳಿಕೊಂಡು ಹೋಗುವುದು ಒಳ್ಳೆಯದು.

ಹಾಗಿದ್ದರೆ ಆ್ಯಪ್‌ನವರೇ ಮನೆಗೆ ಬಂದು ಒಯ್ಯುತ್ತಾರಲ್ಲ, ಅದೇ ಸುಲಭ ಅಲ್ವಾ ಅಂತ ಕೇಳಬಹುದು. ಅದನ್ನೂ ಬಳಸಿದ್ದೇನೆ. ಅಲ್ಲಿನ ಲೆಕ್ಕ ಹೆಚ್ಚಾಗಿ ಅರ್ಧ ಕಿಲೋದಿಂದ ಶುರು. 20 ಗ್ರಾಂ ಸ್ಟಾಂಪಿಗೂ ಅರ್ಧ ಕಿಲೋ ದರವೇ. ಇದರ ಮೇಲೆ ಗಾತ್ರದ ತೂಕ ಬೇರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. 25, 20, 10 ಸೆಂ.ಮೀ. ಡಬ್ಬಿಯೊಳಗೆ ಎಷ್ಟೇ ಹಗುರದ್ದಿದ್ದರೂ ಅದು ಒಂದು ಕಿಲೋ. ನನ್ನ ಬೆಂಕಿಪೊಟ್ಟಣದ ಲೇಬಲ್ಲಿನ ಆಲ್ಬಂ ಒಂದಕ್ಕೆ ಒಂದು ತಾಣದವರು ಹೀಗೇ ಕಿಲೋ ಲೆಕ್ಕದಲ್ಲಿ ದುಡ್ಡು ಮುರಿದುಕೊಂಡರು. ತಕ್ಕಡಿಯ ಫೋಟೊ ಕಳಿಸಿದೆ. ಉತ್ತರ ಬಂತು, ದುಡ್ಡು ಬರಲಿಲ್ಲ. ನೀವು ಆ ದಾರಿ ಹಿಡಿದರೆ ಡಬ್ಬಿ ಬಿಡಿ, ಚಪ್ಪಟೆ ಕವರು ಹಿಡಿಯಿರಿ.

ಸದ್ಯ ನಾನು ಮಾಡುತ್ತಿರುವುದು ಹೀಗೆ. 100 ರೂಪಾಯಿ ಒಳಗಿನ ಸ್ಟಾಂಪುಗಳನ್ನು ಆ್ಯಪ್‌ನಲ್ಲಿ ಬಿಡಿಯಾಗಿ ಹಾಕುವುದನ್ನೇ ಬಿಟ್ಟಿದ್ದೇನೆ. ಹತ್ತರ, ಇಪ್ಪತ್ತರ ಕಟ್ಟು ಮಾಡಿ ಹಾಕುತ್ತೇನೆ. 50 ಗ್ರಾಂ ಒಳಗೆ ಎಷ್ಟು ಹಿಡಿಯುತ್ತದೋ ಅಷ್ಟು, ದರ ಅದೇ 47. 51ನೇ ಗ್ರಾಂ ಬಂತೋ, ದೂರ ನೋಡಿ 59ರಿಂದ 77 ಆಗುತ್ತದೆ. ಹಾಗಾಗಿ ಅಡುಗೆಮನೆಯ ಡಿಜಿಟಲ್ ತಕ್ಕಡಿ ಈಗ ನನ್ನ ಮೇಜಿನ ಮೇಲಿದೆ. ಮನೆಯವಳು ಹೊಸದೊಂದು ತರಿಸಿಕೊಂಡಳು. ಪರಿಚಯದ ಸಂಗ್ರಾಹಕರು ನೇರವಾಗಿ ಕೇಳಿದರೆ 5 ರೂಪಾಯಿ ಟಪಾಲು, ಜವಾಬ್ದಾರಿ ಅವರದೇ. ಆ ನಂಬಿಕೆ ಆ್ಯಪ್‌ನಲ್ಲಿ ಸಿಗದು.

ವಿದೇಶದ ಮಾತನ್ನು ಬೇಗ ಮುಗಿಸುತ್ತೇನೆ. 2 ಕಿಲೋ ಒಳಗಿನ ಸಣ್ಣ ಪೊಟ್ಟಣಗಳಿಗೆ ಅಂಚೆಯಲ್ಲಿ ಟ್ರ್ಯಾಕಿಂಗ್ ಇರುವ ಪ್ಯಾಕೆಟ್ ಸೇವೆ ಇದೆ, ಚೆನ್ನಾಗಿದೆ. ಅಮೆರಿಕದ್ದು ಮಾತ್ರ ರಗಳೆ. 800 ಡಾಲರ್‌ವರೆಗೆ ಇದ್ದ ಸುಂಕ ವಿನಾಯಿತಿಯನ್ನು ಅವರು 2025ರ ಆಗಸ್ಟ್ 29ರಿಂದ ತೆಗೆದರು. ಅದಕ್ಕೂ ಮುಂಚೆ, 25ರಿಂದಲೇ, ನಮ್ಮ ಅಂಚೆ ಹೆಚ್ಚಿನ ಬುಕಿಂಗ್ ನಿಲ್ಲಿಸಿತ್ತು. ಅಕ್ಟೋಬರ್ 15ರಿಂದ ಮತ್ತೆ ಶುರುವಾಯಿತು, ಸುಂಕವನ್ನು ಬುಕಿಂಗ್ ವೇಳೆಯೇ ಕಟ್ಟುವ ವ್ಯವಸ್ಥೆಯೊಂದಿಗೆ. ಆಗ ಕೆಲವು ಗಿರಾಕಿಗಳು ‘ಗಿಫ್ಟ್ ಅಂತ ಬರೆದುಬಿಡಿ ಸರ್’ ಅಂದರು. ಮಾರಿದ ಮಾಲಿಗೆ ಹಾಗೆ ಬರೆದು ಸಹಿ ಹಾಕಿದರೆ ಅದು ಸುಳ್ಳು ಘೋಷಣೆ. ಒಪ್ಪಲಿಲ್ಲ. ಊರಲ್ಲಿರುವ ಅಣ್ಣನದೋ ಅತ್ತೆಯದೋ ವಿಳಾಸ ಕೊಡಿ, ಪುಸ್ತಕವಾದರೆ ಅಲ್ಲಿಗೆ ಜ್ಞಾನ ಪೋಸ್ಟಿನಲ್ಲಿ ಕಳಿಸುತ್ತೇನೆ ಅನ್ನುತ್ತೇನೆ. ಬಂದಾಗ ಒಯ್ಯುತ್ತಾರೆ.