ತಿಂಗಳಿಗೊಮ್ಮೆ ಬರುವ ಹೃದಯದ ಡಾಕ್ಟರು

ಮೊದಲು ಬೈದುಬಿಡುತ್ತೇನೆ. ನಮ್ಮ ತಾಲ್ಲೂಕಿನ ಆಸ್ಪತ್ರೆಗೆ ಶಿವಮೊಗ್ಗದಿಂದ ಹೃದಯದ ಸ್ಪೆಷಲಿಸ್ಟ್ ಬರುವುದು ತಿಂಗಳ ಮೂರನೇ ಗುರುವಾರ. ಬರದಿದ್ದರೆ? ಬೋರ್ಡಿಗೆ ಒಂದು ಚೀಟಿ ಅಂಟಿಸುತ್ತಾರೆ, ಅಷ್ಟೇ. ಅದನ್ನು ಓದೋದಕ್ಕೆ ಆಸ್ಪತ್ರೆಗೇ ಬರಬೇಕು! ಓಪಿಡಿ ಚೀಟಿ ಮಾಡಿಸುವಾಗ ಮೊಬೈಲ್ ನಂಬರ್ ಬರೆಸಿಕೊಳ್ಳುತ್ತಾರಲ್ಲ, ಅದು ಯಾತಕ್ಕೆ? ಮೊದಲ ಬಸ್ಸಿಗೆ ಬಂದ ಮುದುಕರು ಸುಮ್ನೆ ವಾಪಸ್ ಹೋಗುತ್ತಾರೆ. ನಮ್ಮ ಮಲೆನಾಡಿನ ಈ ಕಡೆ ಖಾಸಗಿ ಬಸ್ಸೇ ಜಾಸ್ತಿ, ಶಕ್ತಿ ಯೋಜನೆಯ ಫ್ರೀ ಟಿಕೆಟ್ ಅದರಲ್ಲಿ ನಡೆಯೋದಿಲ್ಲ. ಅಮ್ಮ, ನಾನು, ಇಬ್ಬರ ಬಸ್ ಚಾರ್ಜೂ ದಂಡ, ನಾನು ಅಂಗಡಿ ಮುಚ್ಚಿ ಬಂದದ್ದೂ ದಂಡ.

ಆದರೂ ಬಿಟ್ಟಿಲ್ಲ. ಅಮ್ಮನಿಗೆ ಹೃದಯದ ಮೈಟ್ರಲ್ ವಾಲ್ವ್ (ಕವಾಟ) ತೆಗೆದು ಲೋಹದ್ದು ಹಾಕಿದ್ದಾರೆ. ಇನ್ನು ಜೀವನಪೂರ್ತಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ಹೇಳುವ ಪರೀಕ್ಷೆಯ ಅಂಕಿ) 2.5ರಿಂದ 3.5ರ ಒಳಗೆ ನಿಲ್ಲಬೇಕು. ಇಳಿದರೆ ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ, ಏರಿದರೆ ರಕ್ತಸ್ರಾವದ ಭಯ. ಸೊಪ್ಪು ತಿಂದರೆ ಇಳಿಯುತ್ತದೆ ಅಂತ ಯಾರೋ ಹೇಳಿದ್ದಕ್ಕೆ ಅಮ್ಮ ಹರಿವೆ, ಬಸಳೆ ಎಲ್ಲ ಬಿಟ್ಟು ಬರೀ ತಿಳಿಸಾರಿಗೆ ಬಂದು ನಿಂತಿದ್ದರು.

ಈ ಡಾಕ್ಟರು ಕೇಳಿದ್ದು ಬೇರೆ. "ವಾರಕ್ಕೆ ಎಷ್ಟು ಸಲ ಸೊಪ್ಪು ಮಾಡ್ತಿದ್ರಿ ಅಮ್ಮಾ?"

"ಮೂರು ಸಲ."

"ಮೂರೇ ಸಲ ಮಾಡಿ. ಒಂದು ವಾರ ದಿನಾ, ಇನ್ನೊಂದು ವಾರ ಇಲ್ಲವೇ ಇಲ್ಲ ಅಂತ ಮಾಡಬೇಡಿ. ಮಾತ್ರೆಯನ್ನ ನಾನು ಅದಕ್ಕೆ ಹೊಂದಿಸ್ತೀನಿ."

ಮಾತ್ರೆ ಸಂಜೆಗೇ ಇರಲಿ ಅಂದರು. ಬೆಳಗ್ಗೆ ರಕ್ತ ಕೊಟ್ಟರೆ ಸಂಜೆಯೊಳಗೆ ರಿಪೋರ್ಟ್ ಬರುತ್ತದೆ, ಅವತ್ತೇ ಡೋಸ್ ಬದಲಿಸಬಹುದು. ಈಗ ಅಮ್ಮ ದೀಪ ಹಚ್ಚಿ, ಮಾತ್ರೆ ನುಂಗಿ, ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗೀಟು ಹಾಕುತ್ತಾರೆ. ಅರ್ಧ ಮಾತ್ರೆಯ ದಿನ ಗಿಡ್ಡ ಗೀಟು!

ಇನ್ನೊಂದು ಉಪಕಾರ, ಫೈಲಿನಲ್ಲಿ ಇಲ್ಲಿನ ಡ್ಯೂಟಿ ಡಾಕ್ಟರಿಗಾಗಿಯೇ ಬರೆದಿಡುತ್ತಾರೆ. ಐಎನ್‌ಆರ್ ಏರಿದರೆ ಏನು ಮಾಡಬೇಕು, ಮಂಡಿನೋವಿಗೆ ಯಾವ ಮಾತ್ರೆ ಕೊಡಬಾರದು, ಎಲ್ಲ. ಮೊದಲೆಲ್ಲ ಏನು ಕೇಳಿದರೂ "ಶಿವಮೊಗ್ಗಕ್ಕೆ ಹೋಗಿ" ಅನ್ನುತ್ತಿದ್ದರು. ಈಗ ಫೈಲ್ ತೆರೆದು ನೋಡುತ್ತಾರೆ. ಹೃದಯದ ಸ್ಕ್ಯಾನ್ ಮಾಡುವ ಎಕೋ ಮೆಷಿನ್ ಮಾತ್ರ ಇಲ್ಲಿಲ್ಲ, ಅದಕ್ಕೆ ಶಿವಮೊಗ್ಗವೇ ಗತಿ.

ಡಾಕ್ಟರಿಗೆ ಐದಕ್ಕೆ ಐದು. ಬೋರ್ಡಿನ ಚೀಟಿಗೆ ಸೊನ್ನೆ. ಹೋಗುವವರು ಬುಧವಾರ ಸಂಜೆಯೇ ಫೋನ್ ಮಾಡಿ. ಆಸ್ಪತ್ರೆಯವರು ಎತ್ತದಿದ್ದರೆ ಎದುರಿನ ಮೆಡಿಕಲ್ ಶಾಪಿನವರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ.