ಹೊಳೆಯಲ್ಲಿ ಫ್ರೀಸ್ಟೈಲೋ, ಕಪ್ಪೆ ಈಜೋ?

ಈಜುಕೊಳದ ತಳದಲ್ಲಿ ದಾರಿ ತೋರಿಸಲು ಕಪ್ಪು ಗೆರೆ ಇರುತ್ತದೆ. ಆನೆಗೊಂದಿಯ ತುಂಗಭದ್ರೆಯಲ್ಲಿ ಮುಖ ಮುಳುಗಿಸಿದರೆ ಕಾಣುವುದು ಬರೀ ಮಬ್ಬು. ಆಯ್ಕೆಯ ತೊಡಕು ಅಲ್ಲಿಂದಲೇ ಶುರು.

ದೂರ ಸಾಗಲು ಫ್ರೀಸ್ಟೈಲ್‌ಗೆ, ಅಂದರೆ ಬೋರಲಾಗಿ ಒಂದಾದ ಮೇಲೊಂದು ಕೈ ಬೀಸುವ ಈಜಿಗೆ, ಸಾಟಿಯಿಲ್ಲ. ಅದೇ ಶ್ರಮಕ್ಕೆ ಹೆಚ್ಚು ದೂರ. ಆದರೆ ದಿಕ್ಕು ತಪ್ಪುವುದೂ ಇದರಲ್ಲೇ. ಆರೆಂಟು ಸಲ ಕೈ ಬೀಸಿದ ಮೇಲೊಮ್ಮೆ ಮೊಸಳೆಯಂತೆ ಕಣ್ಣಷ್ಟೇ ನೀರಿನ ಮೇಲೆತ್ತಿ, ದಡದ ಬಂಡೆಯನ್ನೋ ಗುಡಿಯನ್ನೋ ಗುರುತಿಟ್ಟು, ಆಮೇಲೆ ಪಕ್ಕಕ್ಕೆ ಹೊರಳಿ ಉಸಿರೆಳೆಯಬೇಕು. ತಲೆಯನ್ನೇ ಪೂರ್ತಿ ಎತ್ತಿದರೆ ಸೊಂಟ ಮುಳುಗಿ ದಣಿವಾಗುತ್ತದೆ. ಎರಡೂ ಬದಿಗೆ ಉಸಿರಾಡಲು ಬಂದರೆ ಗಾಳಿ ಎಬ್ಬಿಸಿದ ಅಲೆಗೆ ಮುಖ ಕೊಡುವುದು ತಪ್ಪುತ್ತದೆ.

ಕಪ್ಪೆಯಂತೆ ಎರಡೂ ಕಾಲು ಒಟ್ಟಿಗೆ ಒದೆಯುವ ಕಪ್ಪೆ ಈಜು (ಬ್ರೆಸ್ಟ್‌ಸ್ಟ್ರೋಕ್) ನಿಧಾನ. ಆದರೆ ಪ್ರತಿ ಉಸಿರಿಗೂ ಎದುರಿನ ದಡ ಕಾಣುತ್ತದೆ. ಗಾಬರಿಯಾದಾಗ ಸುಧಾರಿಸಿಕೊಳ್ಳಲು ಇದೇ ಮೇಲು. ಮೊಣಕಾಲು ನೋವಿನವರಿಗೆ ಬೇಡ.

ಸೆಳೆತಕ್ಕೆ ಸಿಕ್ಕರೆ ಯಾವ ಈಜಾದರೂ ಎದುರೀಜು ವ್ಯರ್ಥ. ಓರೆಯಾಗಿ ದಡದತ್ತ ಸಾಗಬೇಕು.

ಹೊಸಬರಿಗೆ ನನ್ನ ಮತ ಕಪ್ಪೆ ಈಜಿಗೆ. ಅಂದಹಾಗೆ, ಮೊಸಳೆ ಎಂದದ್ದು ಬರೀ ಉಪಮೆಯಲ್ಲ, ಈ ಹೊಳೆಯಲ್ಲಿ ನಿಜವಾದವೂ ಇವೆ. ಅನುಮತಿಯಿರುವ ಕಡೆ ಮಾತ್ರ, ಜೊತೆಗಾರನೊಂದಿಗೆ ಇಳಿಯಿರಿ. ಹಿಂದೆ ಬಾವಿಯಲ್ಲಿ ಈಜು ಕಲಿಯುವವರು ಸೋರೆ ಬುರುಡೆ ಕಟ್ಟಿಕೊಳ್ಳುತ್ತಿದ್ದರು. ಈಗ ಸೊಂಟಕ್ಕೆ ಕಟ್ಟಲು ಕಿತ್ತಳೆ ಬಣ್ಣದ ಗಾಳಿಚೀಲ ಸಿಗುತ್ತದೆ.